ಅಂದರ್ ಕೋಣ್ ಛೇ

ಇದು ನಡೆದ ಕತೆ. ನಂಬದವರು ಅಹಮದಾಬಾದಿನ ನವರಂಗಪುರಕ್ಕೆ ಹೋಗಿ ದಾಮೋದರ ಶೆಟ್ಟರ ಹೋಟೆಲಿನಲ್ಲಿ ವಿಚಾರಿಸಬಹುದು. ಅಲ್ಲಿ ಯಾರೂ ಒಪ್ಪಿಕೊಳ್ಳುವುದಿಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಎಲ್ಲದಕ್ಕೂ ಮೂಲ, ಸೂರತ್‌ನಲ್ಲಿ ಐಸ್ ಹಾಕಿಸಿ ಕುಡಿದ ಕಬ್ಬಿನ ಹಾಲು. ಕುಡಿದವನು ಶೆಟ್ಟರ ಮಗ ರೋಹಿತ್. ನವರಾತ್ರಿ ಬಂತೆಂದರೆ ಗುಜರಾತಿನ ಮೈದಾನಗಳೆಲ್ಲ ಅವನ ಹಾಡಿಗೆ ಗರಬಾ ಕುಣಿಯುತ್ತವೆ. ಪೋಸ್ಟರಿನಲ್ಲಿ ಅವನಿಗಿಂತ ಅವನ ಹಲ್ಲುಗಳೇ ದೊಡ್ಡವಾಗಿರುತ್ತವೆ. ಅಂಥ ಪಾಪ್ ತಾರೆಗೆ ಈ ವರ್ಷ ತನಗೂ ಒಂದು ಆತ್ಮ ಇರುವುದು ಇದ್ದಕ್ಕಿದ್ದಂತೆ ಗೊತ್ತಾಯಿತು. ಜನರನ್ನು ಕುಣಿಸಿದ್ದು ಸಾಕು, ಇನ್ನು ಒಳಗಿಳಿದು ಹಾಡುತ್ತೇನೆ ಎಂದು ಹೊರಟ. ಇಳಿಯುವ ದಾರಿಯಲ್ಲೇ ಅಡ್ಡಿ: ಗಂಟಲು ತುಕ್ಕು ಹಿಡಿದ ಶಟರ್‌ನಂತಾಗಿತ್ತು.

"ಒಂದು ಹಾಡು ಮಾಡಿ ನೋಡು," ಎಂದಿದ್ದರು ಶೆಟ್ಟರು. "ಜನ ಮೆಚ್ಚಿದ್ರೆ ಇಡೀ ವರ್ಷ ನಿನ್ನ ಆತ್ಮದ ಹಿಂದೆಯೇ ಹೋಗು, ನಾನು ಕೇಳುವುದಿಲ್ಲ. ಇಲ್ಲದಿದ್ರೆ ವಡೋದರಾದಲ್ಲಿ, ಮಕರಪುರದ ಹೊಸ ಬ್ರಾಂಚ್ ಉಂಟಲ್ಲ, ಅಲ್ಲಿ ಗಲ್ಲಾದಲ್ಲಿ ಕೂತ್ಕೋ."

ಮಕರಪುರದ ಕಾರ್ಖಾನೆಯವರ ಊಟದ ಹೊತ್ತಿನ ಗಲಾಟೆ ನೆನೆದೇ ರೋಹಿತನ ಆತ್ಮ ಬೆವರಿತು. ಸ್ಯಾಟಲೈಟ್ ಬಡಾವಣೆಯಲ್ಲಿರುವ ಗೆಳೆಯ ಭುವನ್‌ನ ಫ್ಲಾಟಿಗೆ ಓಡಿ, ಆ ಗಂಟಲಿನಲ್ಲೇ ಹಾಡಿ ಬಂದ. ಭುವನ್ ಲ್ಯಾಪ್‌ಟಾಪಿನಲ್ಲಿ ಸಂಗೀತ ಕಟ್ಟುವವನು. ಲಿಫ್ಟಿನ ಗುಂಯ್, ಫ್ರಿಜ್ಜಿನ ನರಳಾಟ, ಖಾಲಿ ಕೊಡದೊಳಗಿನ ಉಸಿರು, ಇಷ್ಟನ್ನೇ ಬೆರೆಸಿ ಎಂಥ ಸುಖಿಗೂ ಒಂಟಿತನ ಬರಿಸಬಲ್ಲ. ಜೊತೆಗೆ ಮಿಮಿಕ್ರಿಯ ಹುಚ್ಚು. ಶೆಟ್ಟರ ಸ್ವರದಲ್ಲಿ "ಒಂದು ಮಸಾಲೆ, ರೋಸ್ಟ್" ಎಂದು ಅಡುಗೆಮನೆಗೆ ಕೂಗಿ ಎಷ್ಟೋ ಸಲ ಬಿಟ್ಟಿ ದೋಸೆ ತಿಂದಿದ್ದಾನೆ.

ಹಾಡಿನ ಹೆಸರು 'ಅಂದರ್ ಕೋಣ್ ಛೇ'. ಗುಜರಾತಿಯಲ್ಲಿ ಹಾಗೆಂದರೆ, ಒಳಗೆ ಯಾರಿದ್ದಾರೆ?

"ಕೋಣವೇ ಇರುವುದು," ಎಂದರು ತಾಯಿ ರುಕ್ಮಿಣಿ. "ಅದನ್ನು ಹಾಡಿ ಕೇಳುವುದೆಂತದು?"

ಭುವನ್ ಹಾಡನ್ನು ಸಿದ್ಧಮಾಡಿ ಒಂದು ಬೆಳಿಗ್ಗೆ ಕಳಿಸಿದ. ರೋಹಿತ್ ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದ. ಕೆನ್ನೆ ಒದ್ದೆಯಾಯಿತು. "ಇದೇ. ಇದೇ ನಾನು," ಎಂದು ಬಿಕ್ಕುತ್ತ, ಆ ಬಿಕ್ಕಳಿಕೆ ನಿಲ್ಲುವುದರೊಳಗೆ ಇಂಟರ್ನೆಟ್ಟಿಗೆ ಹಾಕಿಯೇಬಿಟ್ಟ.

ಕೂಡಲೇ ಭುವನ್‌ನ ಫೋನು. "ಹಾಕಿಬಿಟ್ಯಾ? ಸ್ವಲ್ಪ ತಡೀಬೇಕಿತ್ತು ಕಣೋ. ಒಂದು ಮಾತು ಹೇಳೋದಿತ್ತು."

"ಮಾತು ಬೇಡ. ಇವತ್ತು ನಾನು ಮೌನ," ಎಂದ ರೋಹಿತ್, ಮೌನದ ಮಹತ್ವದ ಬಗ್ಗೆ ಬಹಳ ಹೊತ್ತು ಮಾತಾಡಿ ಫೋನಿಟ್ಟ.

ಕೆಳಗೆ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ಪಕ್ಕದ ಮನೆಯ ಜಯಂತಿಬೆನ್ ಆಗಲೇ ಹಾಡು ಹಚ್ಚಿದ್ದರು. ರೋಹಿತನ ಹೊಸ ಹಾಡೆಂದರೆ ಕೇಳಬೇಕೇ? ನೆರೆಯ ಹೆಂಗಸರು ಗರಬಾದ ಸುತ್ತು ಕಟ್ಟಿ, ಚಪ್ಪಾಳೆಗೆ ಕೈ ಎತ್ತಿ ನಿಂತರು. ಲಿಫ್ಟು ಗುಂಯ್ ಎಂದಿತು. ಫ್ರಿಜ್ಜು ನರಳಿತು. ಸೊಳ್ಳೆ ಹೊಡೆಯಲು ಕಾದವರಂತೆ ಎಲ್ಲರ ಕೈಯೂ ಗಾಳಿಯಲ್ಲೇ ಉಳಿಯಿತು.

"ಬೇಟಾ, ಚಪ್ಪಾಳೆ ಎಲ್ಲಿ ಬರುತ್ತೆ?" ಎಂದು ಜಯಂತಿಬೆನ್ ಬಾಲ್ಕನಿಯತ್ತ ಕೂಗಿದರು.

"ಇದು ಒಳಗಿನ ಚಪ್ಪಾಳೆ, ಮಾಸಿ."

"ಒಳಗಾ?" ಎಂದು ಆಕೆ ಹೊಟ್ಟೆ ಮುಟ್ಟಿ ನೋಡಿಕೊಂಡರು.

ಮಕರಪುರದ ಗಲ್ಲಾ ರೋಹಿತನ ಕಣ್ಣ ಮುಂದೆ ತೆರೆದುಕೊಂಡಿತು. ಆದರೆ ಎರಡನೇ ಸಲ ಹಾಡು ಕೇಳಿದಾಗ ಜಯಂತಿಬೆನ್ ಸೆರಗಿನಿಂದ ಕಣ್ಣೊರೆಸಿದರು. ಮಧ್ಯಾಹ್ನ ಹೋಟೆಲಿನ ಸ್ಪೀಕರಿನಲ್ಲಿ ಅದೇ ಹಾಡು; ಗಿರಾಕಿಗಳು ಸಾಂಬಾರಿನಲ್ಲಿ ಇಡ್ಲಿ ಮುಳುಗಿಸಿ ಎತ್ತಲು ಮರೆತರು. ಸೂರತ್‌ನಿಂದ ಗರಬಾ ಸಂಘಟಕನೊಬ್ಬ ಫೋನು ಮಾಡಿ, "ಭಾಯಿ, ಮೊದಲ ಸಲ ನೀವು ಹೃದಯದಿಂದ ಹಾಡಿದಿರಿ," ಎಂದು ಗದ್ಗದಿತನಾದ.

"ಇಷ್ಟು ವರ್ಷ ಬರೀ ಕಿರುಚಿದ್ದು," ಎಂದರು ರುಕ್ಮಿಣಿ ಮೂಗೊರೆಸುತ್ತ. "ಇವತ್ತು ನನ್ನ ಮಗನ ಸ್ವರ ಕೇಳಿತು."

ಸಂಜೆ ಹೋಟೆಲಿನ ಮಹಡಿಯಲ್ಲಿ ನೆರೆಹೊರೆಯೆಲ್ಲ ಸೇರಿತು. ಎದುರೆದುರೇ ಹಾಡಬೇಕೆಂದು ಎಲ್ಲರ ಹಟ. ಕಾಳುಮೆಣಸಿನ ಕಷಾಯದಿಂದ ರೋಹಿತನ ಗಂಟಲು ಅಷ್ಟರಲ್ಲಿ ಸರಿಹೋಗಿತ್ತು. ಭುವನ್ ಅವನ ತೋಳು ಹಿಡಿದೆಳೆದ. "ರೋಹಿತ್, ಆ ಮಾತು..."

"ಹಾಡಿದ ಮೇಲೆ ಹೊಗಳು ಮಾರಾಯ," ಎಂದು ತೋಳು ಬಿಡಿಸಿಕೊಂಡು ರೋಹಿತ್ ಮೈಕು ಹಿಡಿದ.

ಹಾಡಿದ. ಜಯಂತಿಬೆನ್ ಪಕ್ಕದವರ ಮುಖ ನೋಡಿದರು. ಪಕ್ಕದವರು ಫ್ಯಾನು ನೋಡಿದರು. "ಬೇಟಾ, ಮೊಬೈಲಿನಲ್ಲಿ ಹಾಡಿದ ಹಾಗೆ ಹಾಡು," ಎಂದರು ಆಕೆ ಮೆಲ್ಲಗೆ. ರೋಹಿತ್ ಇನ್ನೂ ಒಳಗಿಳಿದ. ಆಗ ಮೆಟ್ಟಿಲ ಕೆಳಗಿನಿಂದ, ಗಲ್ಲಾದಲ್ಲಿ ಕೂತಿದ್ದ ಶೆಟ್ಟರ ಸ್ವರ ಬಂತು:

"ಅದು ಯಾರು ಮಾರಾಯ, ನನ್ನ ಮಗನ ಹಾಡು ಹಾಳು ಮಾಡುವುದು? ಅವನನ್ನು ಇಳಿಸಿ ಕೆಳಗೆ. ರೋಹಿತನೇ ಬಂದು ಹಾಡ್ಲಿ."

ಎಲ್ಲರೂ ಒಟ್ಟಿಗೆ ಭುವನ್‌ನತ್ತ ತಿರುಗಿದರು. ಅವನ ಬಾಯಿತುಂಬ ದೋಸೆ ಇತ್ತು. ನುಂಗಿ, ತಲೆಯಲ್ಲಾಡಿಸಿದ.

"ಈಗ ಕೂಗಿದ್ದು ನಾನಲ್ಲ. ನಾನು ಹಾಡಿದ್ದು ಮಾತ್ರ."

"ಎಂತ ಹಾಡಿದ್ದು?" ಎಂದ ರೋಹಿತ್.

"ಅಂದರ್ ಕೋಣ್ ಛೇ. ನಿನ್ನ ಗಂಟಲು ಕೆಟ್ಟಿತ್ತಲ್ಲ? ನಿನ್ನ ಸ್ವರದಲ್ಲಿ ನಾನೇ ಹಾಡಿ ಕಳಿಸ್ದೆ, ಗುರುತು ಹಿಡೀತೀಯೋ ಇಲ್ವೋ ನೋಡೋಣ ಅಂತ. ನೀನು ಅತ್ತು, ಊರಿಗೇ ಹಂಚಿಬಿಟ್ಟೆ."

ರುಕ್ಮಿಣಿ ಮೂಗೊರೆಸಿದ ಕರವಸ್ತ್ರವನ್ನು ಮೆಲ್ಲಗೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ರೋಹಿತನ ತುಟಿ ನಡುಗಿತು, ಭುಜ ಕುಲುಕಿತು. ಅತ್ತೇಬಿಟ್ಟ ಎಂದು ಜಯಂತಿಬೆನ್ ಎದ್ದರು.

"ಒಳಗೆ ಯಾರು, ಒಳಗೆ ಯಾರು ಅಂತ ಇಡೀ ಗುಜರಾತನ್ನು ಕೇಳಿದ್ದೆ," ಎಂದ ಅವನು ಹೇಗೋ ಉಸಿರು ಹಿಡಿದು. "ಒಳಗಿದ್ದದ್ದು ನೀನಾ ಮಾರಾಯ?"

ಎಂದವನೇ ನಕ್ಕ, ಮೈಕು ಕೈಯಲ್ಲಿರುವುದೂ ಮರೆತು. ಉಳಿದವರ ನಗುವೆಲ್ಲ ಆ ನಗುವಿನಡಿ ಮುಳುಗಿಹೋಯಿತು.

ಕೆಳಗೆ ಶೆಟ್ಟರು ಗಿರಾಕಿಯೊಬ್ಬನಿಗೆ ಹೆಮ್ಮೆಯಿಂದ ಹೇಳಿದರು: "ಅದು ನನ್ನ ಮಗ ನಗುವುದು. ಆ ಸ್ವರ ನನಗೆ ಗೊತ್ತಾಗದೆ ಇರ್ತದಾ?"

ಮರುಕ್ಷಣ ಏನೋ ಹೊಳೆದು ಮೆಟ್ಟಿಲತ್ತ ಕತ್ತೆತ್ತಿದರು.

"ರೋಹಿತ್, ನಗುವುದು ನೀನೇ ಅಲ್ವಾ? ಹೌದಾದ್ರೆ ಆಗ ಹಾಡು ಹಾಳು ಮಾಡಿದ್ದೂ ನೀನೇ. ಬೆಳಿಗ್ಗೆ ಮಕರಪುರಕ್ಕೆ ಹೊರಡು."

ಮೇಲಿನಿಂದ ಇನ್ನೂ ಜೋರು ನಗು ಬಂತು. ಯಾರದ್ದೆಂದು ಈ ಸಲ ಶೆಟ್ಟರು ಬಾಯಿಬಿಡಲಿಲ್ಲ.