ಉಗುಳಿದೆನೋ ನುಂಗಿದೆನೋ

ನೀವು ಎಂದಾದರೂ ಕುಡಿದಿದ್ದೀರಾ ಎಂದು ಕೇಳಿದರೆ, ಕುಡಿಯದವರು ಇಲ್ಲ ಎನ್ನುತ್ತಾರೆ. ಕುಡಿಯುವವರು ಇನ್ನೂ ಗಟ್ಟಿಯಾಗಿ ಇಲ್ಲ ಎನ್ನುತ್ತಾರೆ. ಹೌದೆನ್ನಲೂ ಆಗದೆ ಇಲ್ಲವೆನ್ನಲೂ ಆಗದೆ ಬಾಯಿ ಬಾಯಿ ಬಿಡುವವನು ಹಾಸನದಲ್ಲಿ ಬಹುಶಃ ನಾನೊಬ್ಬನೇ. ನಾನು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ಇನ್ನೊಬ್ಬರ ವಾಕ್ಯದಲ್ಲಿ ತಪ್ಪು ಹುಡುಕುವುದು ನನಗೆ ಲೀಲಾಜಾಲ. ಆದರೆ ಈ ಒಂದು ಪ್ರಶ್ನೆಗೆ ಮಾತ್ರ ನನ್ನಲ್ಲಿ ವಾಕ್ಯವೇ ಇಲ್ಲ. ಮೊನ್ನೆ ಪಾನನಿರೋಧದ ಭಾಷಣಕ್ಕೆ ಕರೆಯಲು ಬಂದವರು, "ತಾವಂತೂ ಆಜನ್ಮ ಮುಟ್ಟಿದವರಲ್ಲ" ಎಂದರು. ನಾನು ತಲೆ ಕೆರೆದುಕೊಂಡೆ. ಅದನ್ನು ವಿನಯವೆಂದು ತಿಳಿದು, ಇನ್ನೊಂದು ನಮಸ್ಕಾರ ಮಾಡಿ ಹೋದರು.

ಇದಕ್ಕೆಲ್ಲ ಮೂಲ ನಮ್ಮ ಮಾವನವರ ಗೂರಲು, ಎಂದರೆ ಉಬ್ಬಸ. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿರುವ ಇವರು ನನಗೆ ಸೋದರಮಾವನೂ ಹೌದು, ಹೆಣ್ಣು ಕೊಟ್ಟ ಮಾವನೂ ಹೌದು. ಆದ್ದರಿಂದ ನನ್ನನ್ನು ಬೈಯುವ ಹಕ್ಕು ಅವರಿಗೆ ಎರಡು ಕಡೆಯಿಂದ ಬಂದಿದೆ. ಈ ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲು, ಸ್ವಿಟ್ಜರ್ಲೆಂಡಿನ ಬೆಟ್ಟದ ಗಾಳಿಗೆ ಗೂರಲು ವಾಸಿಯಾಗುತ್ತದೆ ಎಂದು ಯಾರೋ ದೊಡ್ಡ ಡಾಕ್ಟರು ಅವರಿಗೆ ಹೇಳಿದರು. ಗಾಳಿ ಸೇವಿಸುವುದಕ್ಕೆ ಇಂಗ್ಲಿಷ್ ಬೇಕಾಗಿಲ್ಲ, ಆದರೂ ಮಾವನವರು ನನ್ನನ್ನು ಹೊರಡಿಸಿದರು. ಹೊರಡುವ ಮುನ್ನ ನನ್ನ ಹೆಂಡತಿ ಗೌರ, ನನ್ನ ಕೊರಳಿನ ಲಿಂಗ ಮುಟ್ಟಿಸಿ ಭಾಷೆ ತೆಗೆದುಕೊಂಡಳು. "ಅಲ್ಲಿ ನೀರಿನ ಬದ್ಲು ಅದನ್ನೇ ಕುಡೀತಾರಂತೆ. ಒಂದು ತೊಟ್ಟೂ ಗಂಟ್ಲಾಗೆ ಇಳೀಬಾರದು ಕಣ್ರೀ" ಎಂದಳು. "ಇಳಿಯೋದಿಲ್ಲ" ಎಂದೆ. ಎಷ್ಟು ಸಲೀಸಾಗಿ ಎಂದೆನೆಂದು ನೆನೆಸಿಕೊಂಡರೆ ಈಗ ಆಶ್ಚರ್ಯವಾಗುತ್ತದೆ.

ಹೋದಮೇಲೆ ತಿಳಿಯಿತು, ಆ ಸೀಮೆಯವರು ಆಡುವುದು ಜರ್ಮನ್. ನನ್ನ ಇಂಗ್ಲಿಷಿಗೂ ಮಾವನವರ ಕನ್ನಡಕ್ಕೂ ಅಲ್ಲಿ ಒಂದೇ ಬೆಲೆ. ಒಂದೇ ಎಂದರೂ ತಪ್ಪು. ಮಾವನವರು ಕನ್ನಡದಲ್ಲಿ ಗದರಿಸಿ, ಕೈಸನ್ನೆ ಮಾಡಿ ಬಿಸಿನೀರು ತರಿಸಿಕೊಂಡರು. ನಾನು ವ್ಯಾಕರಣಶುದ್ಧವಾಗಿ ಕೇಳಿ ತಣ್ಣೀರಲ್ಲಿ ಸ್ನಾನ ಮಾಡಿದೆ. ಆದರೆ ಮಾವನವರಿಗೂ ಒಂದು ಕಷ್ಟವಿತ್ತು. ವೀಳ್ಯದೆಲೆ ಹಡಗಿನಲ್ಲೇ ಮುಗಿದಿದ್ದರೂ ಅಡಿಕೆ, ಕಾಚು, ಸುಣ್ಣ ಇನ್ನೂ ಚೀಲದಲ್ಲಿದ್ದವು. ಇಲ್ಲದೆ ಇದ್ದದ್ದು ಉಗುಳಲು ಜಾಗ. ದೇಶಕ್ಕೆ ದೇಶವನ್ನೇ ಯಾರೋ ಆಗತಾನೆ ಒರೆಸಿಟ್ಟಂತಿತ್ತು. "ಇಷ್ಟು ಚೊಕ್ಕಟ ಮಾಡ್ಬುಟ್ರೆ ಮನುಷ್ಯ ಬದುಕೋದೆಂಗಲಾ?" ಎಂದು ಅವರು ನಿಜವಾಗಿಯೂ ನೊಂದುಕೊಂಡರು.

ಒಂದು ದಿನ ನಾವಿದ್ದ ಮನೆಯ ಯಜಮಾನಿ ಏನೋ ಹೇಳಿ, ಕಿಟಕಿಯಾಚೆಗೆ ಕೈ ತೋರಿಸಿ, ಮೋಟಾರು ಹತ್ತಿಸಿದಳು. ಪಕ್ಕದ ದೇಶದ ದೊರೆಯ ದ್ರಾಕ್ಷಿತೋಟ ನೋಡಿ ಬನ್ನಿ ಎಂದಳೆಂದು ನಾನು ಊಹಿಸಿ ಮಾವನವರಿಗೆ ಅರ್ಥ ಹೇಳಿದೆ. ದೇಶದ ಹೆಸರು ಲಿಕ್ಟನ್‌ಸ್ಟೈನ್. ಹೇಳಿ ಮುಗಿಸುವಷ್ಟರಲ್ಲಿ ಅದರ ರಾಜಧಾನಿ ಬಂದುಬಿಟ್ಟಿತು. ಮೇಲೆ ಬೆಟ್ಟದಲ್ಲಿ ಕೋಟೆ, ಕೆಳಗೆ ತೋಟ. "ನಮ್ಮ ಶಾಂತಿಗ್ರಾಮದ ಓಬ್ಳಿಯಷ್ಟೂ ಇಲ್ವಲ್ಲೋ, ಇದಕ್ಕೂ ಒಬ್ಬ ದೊರೆನಾ? ಒಬ್ಬ ಶೇಕ್ದಾರ ಸಾಕಾಗಿತ್ತು" ಎಂದರು ಮಾವ. ಆದರೆ ತೋಟ ಅವರಿಗೆ ಹಿಡಿಸಿತು. ಮಣ್ಣು ಹಿಸುಕಿ ನೋಡಿ, "ತ್ವಾಟ ಅಚ್ಚುಕಟ್ಟಾಗಿ ಮಡಗವ್ರೆ ಕಣ" ಎಂದು ತಲೆದೂಗಿದರು. ಬಾಗಿಲ ಬಳಿ ಗೊಂಚಲಿನ ಚಿತ್ರ ಬರೆದಿದ್ದ ಹಳೆಯ ಕಲ್ಲುಕಟ್ಟಡವೊಂದಿತ್ತು. ಜನ ಒಳಗೆ ಹೋಗುತ್ತಿದ್ದರು. ಹಣ್ಣು ಮಾರುತ್ತಾರೆಂದು ತಿಳಿದು ನಾವೂ ಹೋದೆವು. ಮೆಟ್ಟಿಲಿಳಿದರೆ ನೆಲಮಾಳಿಗೆ. ಗೋಡೆಯುದ್ದಕ್ಕೂ ಆಳುದ್ದದ ಮರದ ಪೀಪಾಯಿಗಳು. "ದೊರೆಗೆ ಇಷ್ಟೊಂದು ಎಣ್ಣೆ ಯಾಕ್ಲಾ?" ಎಂದು ಮಾವನವರು ಕೇಳುವ ಹೊತ್ತಿಗೆ ವಾಸನೆ ನನ್ನ ಮೂಗಿಗೆ ಬಡಿಯಿತು. ನಾನು ತಟ್ಟನೆ ಹಿಂದಕ್ಕೆ ತಿರುಗಿದೆ. ಮೆಟ್ಟಿಲ ತುಂಬ ಜನ.

ಅಷ್ಟರಲ್ಲಿ ತೊಗಲಿನ ಏಪ್ರನ್ ಕಟ್ಟಿದ್ದ ಮುದುಕನೊಬ್ಬ ಎಲ್ಲರ ಕೈಗೂ ಒಂದೊಂದು ಲೋಟ ಬಿಳಿಯ ವೈನು ಕೊಟ್ಟ. ತಾನೂ ಒಂದು ಗುಟುಕು ಹಾಕಿಕೊಂಡು, ಕೆನ್ನೆಯಿಂದ ಕೆನ್ನೆಗೆ ಓಡಾಡಿಸಿ, ಮೂಲೆಯ ಹಿತ್ತಾಳೆ ಪಾತ್ರೆಗೆ ಉಗುಳಿಬಿಟ್ಟ! ಬೆಳೆದು, ಹಿಂಡಿ, ವರ್ಷಗಟ್ಟಲೆ ಕಾಪಾಡಿ ಕೊನೆಗೆ ಉಗುಳುವುದೇ? ನನಗೆ ತಲೆಬುಡ ತಿಳಿಯಲಿಲ್ಲ. ಮಾವನವರಿಗೆ ಮಾತ್ರ ಎಲ್ಲವೂ ತಿಳಿಯಿತು. "ಲೇ ಶಿವಣ್ಣ, ಪೀಕದಾನಿ ಕಣ್ಲಾ! ಅಂತೂ ಈ ಸೀಮೇಲಿ ಒಬ್ಬ ಮರ್ಯಾದಸ್ಥ ಸಿಕ್ದ" ಎಂದು ತಮ್ಮ ಲೋಟವನ್ನು ಪೀಪಾಯಿಯ ಮೇಲಿಟ್ಟು, ಚೀಲ ಬಿಚ್ಚಿ, ಅಡಿಕೆ, ಕಾಚು, ಸುಣ್ಣ ಬಾಯಿಗೆ ಹಾಕಿ, ಹದವಾಗಿ ಅಗಿದು, ತಿಂಗಳುಗಟ್ಟಲೆ ತಡೆದಿಟ್ಟಿದ್ದ ಆಸೆಯನ್ನೆಲ್ಲ ಸೇರಿಸಿ ಉಗುಳಿದರು.

ಮುದುಕ ಕೊಟ್ಟದ್ದು ಬಿಳಿ, ಬಂದದ್ದು ಕಡುಕೆಂಪು. ಅವನ ಮುಖ ಬಿಳಿಚಿಕೊಂಡಿತು. ಹೆಂಗಸೊಬ್ಬಳು ಕಿರುಚಿದಳು. ಅಲ್ಲಿದ್ದವರು ರಕ್ತವೆಂದು ತಿಳಿದು ಮಾವನವರನ್ನು ಎಳೆದು ಕೂರಿಸಿ ನಾಡಿ ಹಿಡಿದರು. ಮಾವನವರು, "ನಂಗೇನಾಗದೆ? ಬಿಡ್ರಲಾ ಕೈಯ" ಎಂದು ಕೂಗಾಡಿದಷ್ಟೂ ಗೂರಲು ಎದ್ದಿತು, ಗೂರಲು ಎದ್ದಷ್ಟೂ ಜನ ಬಿಗಿಯಾಗಿ ಹಿಡಿದರು. ಇದು ರಕ್ತವಲ್ಲ, ಅಡಿಕೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ, ಕನ್ನಡದಲ್ಲಿ ಹೇಳಿದೆ, ಕೊನೆಗೆ ಎರಡನ್ನೂ ಬೆರೆಸಿ ಹೇಳಿದೆ. ಯಾರೂ ಕೇಳಲಿಲ್ಲ. ಆಗ ನನಗೆ ಒಂದು ಉಪಾಯ ಹೊಳೆಯಿತು. ನಮ್ಮ ದೇಶದವರ ಬಾಯಲ್ಲೂ ಬಿಳಿ ಹಾಕಿದರೆ ಬಿಳಿಯೇ ಬರುತ್ತದೆಂದು ತೋರಿಸಿಬಿಟ್ಟರಾಯಿತಲ್ಲ! ಉಪವಾಸದ ದಿನ ಬಾಯಿ ಮುಕ್ಕಳಿಸಿದರೆ ಉಪವಾಸ ಕೆಡುತ್ತದೆಯೇ? ಗಂಟಲಿಗೆ ಇಳಿಯದಿದ್ದರೆ ಸರಿ ತಾನೆ? ಕೈಯಲ್ಲಿದ್ದ ಲೋಟವನ್ನೆತ್ತಿ ಬಾಯಿತುಂಬ ಹಾಕಿಕೊಂಡು, ಎಲ್ಲರೂ ನೋಡಲೆಂದು ಕೆನ್ನೆ ಉಬ್ಬಿಸಿ ನಿಂತೆ. ಮಾವನವರು ಅದನ್ನು ಕಂಡವರೇ, "ಉಗಿಯೋ ಪಾಪಿ! ಮಗಳಿಗೆ ಏನ್ ಹೇಳ್ಲೋ ನಾನು!" ಎಂದು ಹಿಡಿದವರಿಂದ ಕೊಸರಿಕೊಂಡು ಹಾರಿಬಂದು ನನ್ನ ಬೆನ್ನಿಗೆ ಗುದ್ದಿದರು. ಸ್ವಲ್ಪ ಪಾತ್ರೆಗೆ ಬಿತ್ತು. ಸ್ವಲ್ಪ ಮುದುಕನ ಮೈಮೇಲೆ ಬಿತ್ತು. ಸ್ವಲ್ಪ ಮೂಗಿನಲ್ಲಿ ಬಂತು. ಉಳಿದದ್ದು ಎಲ್ಲಿಗೆ ಹೋಯಿತು? ಏನೂ ಉಳಿಯಲೇ ಇಲ್ಲವೋ? ಗಂಟಲು ಬೆಚ್ಚಗಾದದ್ದು ನಿಜ; ಆದರೆ ಹಾಗೆ ಕೆಮ್ಮಿದರೆ ಯಾರ ಗಂಟಲಾದರೂ ಬೆಚ್ಚಗಾಗುತ್ತದೆ.

ಊರಿಗೆ ಬಂದೆವು. ಮಾವನವರ ಗೂರಲೂ ಜೊತೆಯಲ್ಲೇ ಬಂತು. ಹಾಸನದ ಮನೆಯಲ್ಲಿ ಗೌರ ನನಗೊಂದು, ಅವರಪ್ಪನಿಗೊಂದು ಲೋಟ ಕಾಫಿ ತಂದಿಟ್ಟು ಬರಿಗೈಯಲ್ಲಿ ನಿಂತಳು. ನಿನಗೆಲ್ಲಿ ಎಂದೆ. "ನೀವು ಮಾತು ಉಳಿಸ್ಕೊಂಡು ಬರೋಗಂಟ ಕುಡಿಯಾಕಿಲ್ಲ ಅಂತ ಬಿಟ್ಟಿವ್ನಿ. ಈಗೇನಂತೀರಿ, ಕುಡಿಲಾ?" ಎಂದಳು. ಕಾಫಿ ಇಲ್ಲದೆ ಬೆಳಗಾಯಿತೆಂದೇ ಒಪ್ಪದ ಹೆಂಗಸು ಇವಳು; ನನಗಾಗಿ ಇಷ್ಟು ತಿಂಗಳು ಬಿಟ್ಟಿದ್ದಾಳೆ. ಕುಡಿ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಲಿಂಗ ಮುಟ್ಟಿ ಕೊಟ್ಟ ಮಾತು. ನಡೆದದ್ದನ್ನೆಲ್ಲ ಹೇಳಿದೆ.

"ಪೂರಾ ಉಗುಳವ್ನೆ ಕಣವ್ವಾ, ಗುದ್ದಿದ್ದೇ ನಾನು" ಎಂದು ಮಾವನವರು ಸಾಕ್ಷಿ ನುಡಿದರು.

"ಗುದ್ದಿದ್ರೆ ಒಳಕ್ಕೂ ಓಗಬೋದಲ್ಲಪ್ಪಾ?"

ಮಾವನವರು ನನ್ನ ಮುಖ ನೋಡಿದರು. ನಾನು ಕಾಫಿ ನೋಡಿದೆ.

"ಇಳೀತೋ ಇಲ್ವೋ? ಒಂದೇ ಮಾತು ಏಳಿ."

"ಗೊತ್ತಿಲ್ಲ ಗೌರ. ಸತ್ಯವಾಗಿ ಗೊತ್ತಿಲ್ಲ."

ಅವಳು ಒಳಗೆ ಹೋಗಿ ಮತ್ತೊಂದು ಲೋಟ ಕಾಫಿ ತಂದು ನನ್ನೆದುರಿಗೇ ಕುಳಿತಳು. ಕಣ್ಣು ಮುಚ್ಚಿ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಗಂಟಲು ಅಲ್ಲಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಇನ್ನೊಂದು ಗುಟುಕು. ಲೋಟದ ತಳ ಕಾಣುವವರೆಗೂ ನಡೆಯಿತು.

"ಕುಡಿದೇ ಬಿಟ್ಟೆಯಾ?" ಎಂದೆ.

"ಗೊತ್ತಾಗ್ಲಿಲ್ಲ ಕಣ್ರೀ" ಎಂದು ಸೆರಗಿನಲ್ಲಿ ತುಟಿ ಒರೆಸಿಕೊಂಡಳು. "ನಿಮಗೆ ಗೊತ್ತಾದ ದಿನ ನಂಗೂ ಗೊತ್ತಾಯ್ತದೆ."

ಅಂದಿನಿಂದ ನಮ್ಮ ಮನೆಯಲ್ಲಿ ಬೆಳಗ್ಗೆ ಒಂದು ಲೋಟ, ಸಾಯಂಕಾಲ ಒಂದು ಲೋಟ ಅವಳಿಗೆ ಗೊತ್ತಾಗುತ್ತಿಲ್ಲ. ಆ ನೆಲಮಾಳಿಗೆಯಲ್ಲಿ ನಡೆದದ್ದನ್ನು ನೆನಪು ಮಾಡಿಕೊಳ್ಳುವ ಪ್ರಯತ್ನವನ್ನು ನಾನೂ ಬಿಟ್ಟಿದ್ದೇನೆ. ಅಕಸ್ಮಾತ್ ಇಳಿದದ್ದೇ ನೆನಪಾಗಿಬಿಟ್ಟರೆ, ಅವಳು ಕುಡಿಯದ ಕಾಫಿಯನ್ನು ನನಗೊಬ್ಬನಿಗೇ ಎಂದು ಯಾರು ಕಾಯಿಸುತ್ತಾರೆ?