ಅರಿಶಿನ ಹಚ್ಚಿದ ಪಾಸ್‌ಪೋರ್ಟು

ತಾಲ್ಲೂಕು ಕಚೇರಿಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತನಾಗಿದ್ದವನು ನಾನು. ಸಹಿ ಇಲ್ಲ, ಜೆರಾಕ್ಸ್ ಮಸುಕಾಗಿದೆ ಎಂದು ನಾನು ವಾಪಸ್ ಕಳಿಸಿದ ಅರ್ಜಿಗಳನ್ನು ಒಂದರ ಮೇಲೊಂದು ಪೇರಿಸಿದರೆ ಅಂಬಾಜಿದುರ್ಗದ ಬೆಟ್ಟಕ್ಕಿಂತ ಎತ್ತರವಾದೀತು! ಅಂಥ ನನಗೆ ಇಟಲಿಯ ವೀಸಾ ಅರ್ಜಿ ಯಾವ ಲೆಕ್ಕ?

ಆಹ್ವಾನ ಪತ್ರ ಬಂದದ್ದು ನಿಜಕ್ಕೂ ನನ್ನ ಹೆಂಡತಿ ವನಜಾಕ್ಷಿಗೆ. ಶಿಡ್ಲಘಟ್ಟದಲ್ಲಿ ಅವಳು ರೇಷ್ಮೆ ನೂಲು ತೆಗೆಯುವ ಘಟಕ ನಡೆಸುತ್ತಾಳೆ. ಇಟಲಿಯಲ್ಲಿ ರೇಷ್ಮೆ ಯಂತ್ರಗಳ ಪ್ರದರ್ಶನ ನೋಡಲು ಊರಿನ ನಾಲ್ವರು ಹತ್ತು ದಿನಕ್ಕೆ ಹೊರಟಿದ್ದರು. ಗಂಡನೋ ಹೆಂಡತಿಯೋ ಜೊತೆಗೆ ಬರಬಹುದು ಎಂದು ಪತ್ರದ ಕೊನೆಯ ಸಾಲಿನಲ್ಲಿತ್ತು. ಆ ಕೊನೆಯ ಸಾಲೇ ನಾನು. ಮದುವೆಯಾದಾಗಿನಿಂದ ಅವಳನ್ನು ವಿಮಾನ ಹತ್ತಿಸುತ್ತೇನೆ ಎನ್ನುತ್ತಲೇ ಬಂದಿದ್ದೆ. ನಂದಿ ಬೆಟ್ಟದ ಮೇಲಿಂದ ವಿಮಾನ ತೋರಿಸಿದ್ದಷ್ಟೇ ಆಗಿತ್ತು. ಈ ಸಲ ಅವಳ ಪಕ್ಕದ ಸೀಟಿನಲ್ಲಿ ಕೂತೇ ಹೋಗಬೇಕೆಂದು ಹಟ ತೊಟ್ಟೆ.

ವೀಸಾಕ್ಕೆ ಬೇಕಾದವುಗಳ ಪಟ್ಟಿ ಉದ್ದವಿತ್ತು. ವಾಪಸ್ ಹೊರಟ ಮೇಲೂ ಪಾಸ್‌ಪೋರ್ಟಿಗೆ ಮೂರು ತಿಂಗಳು ಅವಧಿ ಇರಬೇಕು, ಎರಡು ಪುಟ ಖಾಲಿ ಇರಬೇಕು, ವಿಮೆ ಬೇಕು, ಹೋಟೆಲ್ ಬುಕಿಂಗ್ ಬೇಕು. ಫೋಟೋದಲ್ಲಿ ನಗಬಾರದು. ಅದು ನನಗೆ ಸಲೀಸು, ಕಚೇರಿಯಲ್ಲೇ ಅಭ್ಯಾಸವಾಗಿತ್ತು. ತಿರುಗಿ ಊರಿಗೆ ಬಂದೇ ಬರುತ್ತೀರಿ ಎನ್ನುವುದಕ್ಕೂ ದಾಖಲೆ ಕೇಳಿದ್ದರು. ಮನೆಯ ಖಾತೆ, ಜಮೀನಿನ ಪಹಣಿ ಎಲ್ಲ ಜೋಡಿಸಿದೆ. ಸಾಲದೆಂದು ನಮ್ಮ ಎಮ್ಮೆಯ ಫೋಟೋವನ್ನೂ ಸೇರಿಸಿದೆ!

ಪಕ್ಕದ ಮನೆಯ ರೇಷ್ಮೆಗೂಡಿನ ವ್ಯಾಪಾರಿ ರಿಯಾಜ್ ಭಾಯಿ ಖುಷಿ ತಡೆಯಲಾರದೆ ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಕಟ್ಟಿಸಿಬಿಟ್ಟರು. ‘ಇಟಲಿಗೆ ಹೊರಟ ದಂಪತಿಗೆ ಶುಭ ಹಾರೈಕೆ.’ ನನ್ನ ಮುಖ ಆಳೆತ್ತರ, ವನಜಾಕ್ಷಿಯದು ಮೂಲೆಯಲ್ಲಿ. ಫೋಟೋ ಕೊಟ್ಟವನು ನಾನೇ.

ಅರ್ಜಿ ಕೊಡುವ ಹಿಂದಿನ ದಿನ ತಲೆಗೆ ಹೊಳೆಯಿತು. ನಮ್ಮ ಮನೆಯಲ್ಲಿ ಸ್ಕೂಟರಿನಿಂದ ಮಿಕ್ಸಿಯವರೆಗೆ ಪೂಜೆಯಾಗದೆ ಯಾವುದೂ ಕೆಲಸ ಶುರು ಮಾಡಿದ್ದಿಲ್ಲ. ಲಗ್ನಪತ್ರಿಕೆಯನ್ನೂ ನಾಲ್ಕು ಮೂಲೆಗೆ ಅರಿಶಿನ ಹಚ್ಚದೆ ಹಂಚುವುದಿಲ್ಲ. ಪಾಸ್‌ಪೋರ್ಟು ಏನು ಪಾಪ ಮಾಡಿತ್ತು?

“ನಂದು ಮುಟ್ಟಿದ್ರೆ ನೋಡಿ ಮತ್ತೆ! ಲಿಸ್ಟಲ್ಲಿ ಪೂಜೆ ಅಂತ ಎಲ್ಲಿ ಬರ್ದಿದೆ?” ಎಂದು ವನಜಾಕ್ಷಿ ತನ್ನದನ್ನು ಬೀರುವಿನಲ್ಲಿಟ್ಟು ಬೀಗ ಜಡಿದಳು.

“ಎಲ್ಲಾನೂ ಬರ್ದಿರ್ತಾರೇನೇ? ಮೂವತ್ತೆರಡು ವರ್ಷ ಸರ್ವಿಸ್ ಕಣೇ ನಂದು!”

ನಾಲ್ಕು ಮೂಲೆಗೆ ಕಲಸಿದ ಅರಿಶಿನ ಹಚ್ಚಿದೆ. ಒಳಗಿನ ಫೋಟೋದಲ್ಲಿದ್ದ ನನ್ನ ಹಣೆಗೆ ಕುಂಕುಮವಿಟ್ಟೆ. ಕಾಯಿ ಒಡೆದಾಗ ಚಿಮ್ಮಿದ ನೀರು ಅದರ ಮೇಲೇ ಬಿತ್ತು. ಶುಭ ಶಕುನ ಎಂದುಕೊಂಡೆ.

ಸಂಜೆ ನೋಡಿದರೆ ಅರಿಶಿನ ಒಳಪುಟಗಳಿಗೂ ಇಳಿದಿತ್ತು. ಗಾಬರಿಯಾಗಿ ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಒರೆಸಿದೆ. ಹಳದಿ ಹೋಯಿತು. ಕೆಂಪಾಯಿತು! ಒದ್ದೆ ಆರಲೆಂದು ಇಸ್ತ್ರಿ ಪೆಟ್ಟಿಗೆ ಇಟ್ಟೆ. ಫೋಟೋ ಮುದುಡಿ, ಅದರಲ್ಲಿದ್ದ ನಾನು ಸೊಟ್ಟ ಬಾಯಲ್ಲಿ ನಗತೊಡಗಿದೆ. ನಗಬಾರದೆಂದು ನಿಯಮವಲ್ಲವೇ!

ಬೆಂಗಳೂರಿನ ವೀಸಾ ಕೇಂದ್ರದ ಹುಡುಗಿ ಪಾಸ್‌ಪೋರ್ಟನ್ನು ಎರಡು ಬೆರಳಲ್ಲಿ ಎತ್ತಿದಳು.

“ಸರ್, ಇದು ಡ್ಯಾಮೇಜ್ ಆಗಿದೆ. ತಗೊಳ್ಳಕ್ಕಾಗಲ್ಲ. ಸರಿ ಮಾಡಿಸ್ಕೊಂಡು ಬನ್ನಿ.”

ಅಯ್ಯೋ ದೇವರೇ! ಅದು ನನ್ನದೇ ಮಾತು. ಮೂವತ್ತೆರಡು ವರ್ಷ ಆ ಮಾತಾಡಿದವನಿಗೆ, ಕೇಳಿಸಿಕೊಂಡವರ ಹೊಟ್ಟೆ ಹೇಗೆ ಉರಿದಿತ್ತೆಂದು ಅವತ್ತು ಗೊತ್ತಾಯಿತು. ಹೊಸ ಪಾಸ್‌ಪೋರ್ಟು ಬರುವಷ್ಟರಲ್ಲಿ ಪ್ರದರ್ಶನವೇ ಮುಗಿದಿರುತ್ತಿತ್ತು.

ಪಕ್ಕದಲ್ಲೇ ನಿಂತಿದ್ದ ವನಜಾಕ್ಷಿಯ ಮುಖ ಬಾಡಿತು. “ನೀವಿಲ್ದೆ ನಾನು ಹೆಂಗ್ ಹೋಗ್ಲಿ? ನಾನೂ ಬಿಟ್ಬಿಡ್ತೀನಿ ಬಿಡಿ.”

ನಾನು ಅವಳ ಕಡತವನ್ನು ಕೌಂಟರಿನ ಕಡೆ ಸರಿಸಿದೆ. “ಸುಮ್ನೆ ಕೊಡೇ. ಇಷ್ಟು ವರ್ಷ ನಾನಂತೂ ಹತ್ತಿಸ್ಲಿಲ್ಲ, ನೀನಾದ್ರೂ ಹತ್ತು” ಎಂದೆ.

ಅವಳ ಕಾಗದಗಳೆಲ್ಲ ಚೊಕ್ಕವಾಗಿದ್ದವು. ಹುಡುಗಿ ಕೇಳಿದಳು, “ಮೇಡಂ, ಖಾತೆ, ಪಹಣಿ ಎಲ್ಲಾ ಸರ್ ಹೆಸರಲ್ಲಿದೆ. ನೀವು ವಾಪಸ್ ಬರ್ತೀರ ಅನ್ನೋದಕ್ಕೆ ನಿಮ್ದೇನಿದೆ?”

ವನಜಾಕ್ಷಿ ತನ್ನ ಘಟಕದ ಲೈಸೆನ್ಸ್ ಮುಂದಿಟ್ಟು, ನನ್ನ ಕಡೆ ಕೈ ತೋರಿಸಿದಳು. “ಇವ್ರನ್ನ ಇಲ್ಲೇ ಬಿಟ್ಟೋಗ್ತಿದೀನಲ್ಲಮ್ಮ. ಪಾಸ್‌ಪೋರ್ಟಿಗೇ ಇಸ್ತ್ರಿ ಹೊಡ್ದೋರು, ನಾನು ಬರ್ದೇ ಇದ್ರೆ ಮನೆಗೇ ಇಸ್ತ್ರಿ ಹೊಡ್ದುಬಿಡ್ತಾರೆ!”

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದರು. ನಾನೂ ನಕ್ಕೆ. ವಾರದೊಳಗೆ ಅವಳಿಗೆ ವೀಸಾ ಬಂತು.

ಈಗ ಅವಳು ಇಟಲಿಯಲ್ಲಿ. ನಾನು ಹಾಲು ತರಲು ಹೆಲ್ಮೆಟ್ ಹಾಕಿಕೊಂಡು ನಡೆದೇ ಹೋಗುತ್ತೇನೆ. ಫ್ಲೆಕ್ಸ್ ಇನ್ನೂ ಇಳಿಸಿಲ್ಲ! ಆದರೂ ರಿಯಾಜ್ ಭಾಯಿ ಗುರುತು ಹಿಡಿದರು.

“ಏನ್ ಸ್ವಾಮಿ, ಇಟಲಿಯಿಂದ ಹಾಲಿಗೆ ಬಂದ್ರಾ?”

ನಿನ್ನೆ ವನಜಾಕ್ಷಿ ವಿಡಿಯೋ ಕಾಲ್ ಮಾಡಿದ್ದಳು. ಮುಖ ಅರಳಿತ್ತು. “ರೀ, ವಿಮಾನದಲ್ಲಿ ಕಿಟಕಿ ಪಕ್ಕಾನೇ ಸೀಟು! ಮೋಡ ಎಲ್ಲಾ ಕೆಳಗಡೆ! ಪಕ್ಕದ ಸೀಟು ಖಾಲಿ ಇತ್ತು, ನಿಮ್ದೇ ಅಂತ ಬ್ಯಾಗ್ ಇಟ್ಕೊಂಡಿದ್ದೆ. ನಾನು ಬರೋವರ್ಗೂ ಮನೇಲೇ ಇರಿ, ಎಲ್ಲೂ ಹೋಗ್ಬೇಡಿ.”

ಎಲ್ಲಿಗೆ ಹೋಗಲಿ? ಅವಳ ಅರ್ಜಿಯ ಲಗತ್ತು ನಾನು. ಅವಳು ವಾಪಸ್ ಬರುವವರೆಗೆ ಕಡತ ಬಿಟ್ಟು ಕದಲುವಂತಿಲ್ಲ.