ಸ್ವಾಮಿಗಳ ಮೈಕೂ ಚಾದರದ ಭಾಯಿಯೂ

ಮೊಬೈಲಿನಲ್ಲಿ ಹಬ್ಬುವ ಸುಳ್ಳನ್ನು ತಡೆಯುವುದು ಹೇಗೆಂದು ಸ್ವಾಮಿ, ಮೌಲ್ವಿ, ಪಾಸ್ಟರುಗಳಿಗೆ ಕಲಿಸುವುದು ನನ್ನ ಕೆಲಸ. ಇವತ್ತು ನಗಬಾರದು ಅಂದುಕೊಂಡೇ ಆದವಾನಿಯಲ್ಲಿ ಬಸ್ ಹತ್ತುತ್ತೇನೆ. ಒಂದು ದಿನವೂ ಸಾಧಿಸಿಲ್ಲ.

ಹೋದ ಸಲ ಮಾತ್ರ ನಗುವ ಸಂಗತಿಯಿರಲಿಲ್ಲ. ಎಮ್ಮಿಗನೂರಿನ ಚಾದರಗಳನ್ನು ಮೊಪೆಡ್ ಮೇಲೆ ಹೇರಿಕೊಂಡು ಕೌತಾಳಂ ಕಡೆಯ ಹಳ್ಳಿಗಳಲ್ಲಿ ಮಾರುವ ಒಬ್ಬ ಭಾಯಿ ಇದ್ದಾನೆ. ‘ದಾಡಿ ಬಿಟ್ಟ ಚಾದರದವರು ಮಕ್ಕಳ ಕಳ್ಳರು’ ಅಂತ ವಾಟ್ಸಾಪಿನಲ್ಲಿ ಹಬ್ಬಿತ್ತು. ಅವನನ್ನು ಕಂಡರೆ ಮನೆಗಳ ಬಾಗಿಲು ಮುಚ್ಚುತ್ತಿದ್ದವು. ಒಂದು ಕಡೆ ಕೋಲು ಹಿಡಿದೂ ಬಂದಿದ್ದರು. ಆ ಕಡೆಯ ಒಂದು ಹಳ್ಳಿಯ ಸ್ವಾಮಿಗಳು, ಮೌಲ್ವಿ ಸಾಬರು, ಪಾಸ್ಟರು ಮೂವರನ್ನೂ ಒಟ್ಟಿಗೆ ಕೂರಿಸಿದೆ.

ಕಾಲುವೆಗೆ ನೀರು

ಆ ಸುದ್ದಿಯ ಜೊತೆ ಒಂದು ಫೋಟೋ ಇತ್ತು: ‘ಕೌತಾಳಂನಲ್ಲಿ ಸಿಕ್ಕಿಬಿದ್ದ ಕಳ್ಳರು.’ ಸಮುದ್ರವೇ ಇಲ್ಲದ ಊರಿನ ಹಿಂದೆ ಅಲೆ, ದೋಣಿ, ಸಾಲು ತೆಂಗು.

“ಇದರಾಗೆ ಏನು ತಪ್ಪೈತಿ, ನೋಡಿ ಹೇಳ್ರಿ” ಅಂದೆ.

ಪಾಸ್ಟರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ತಪ್ಪೇನ್ ಕಾಣವಲ್ದು ಮೇಡಂ. ಈ ವರ್ಷ ಕಾಲುವೆಗೆ ನೀರು ಚಲೋ ಬಿಟ್ಟಾರ.”

ಮೂಲ ಸಿಕ್ಕಿತು

ಸುದ್ದಿಯ ಬೇರು ಹಿಡಿಯಿರಿ, ಯಾರು ಯಾರಿಗೆ ಕಳಿಸಿದರು ಕೇಳಿ ಅಂದಿದ್ದೆ. ಮೌಲ್ವಿ ಸಾಬರು ಮೂರು ದಿನ ಮನೆಮನೆ ತಿರುಗಿದರು. ನಾಲ್ಕನೇ ದಿನ ಸ್ವಾಮಿಗಳನ್ನೇ ಓರೆಗಣ್ಣಲ್ಲಿ ನೋಡುತ್ತ, “ಊರಿಗೆಲ್ಲಾ ಇವರ ಫೋನಿಂದನ ಹೋಗೈತ್ರಿ. ‘ಸ್ವಾಮಿಗಳು ಕಳಿಸ್ಯಾರ ಅಂದ್ರ ಸುಳ್ಳಿರ್ತೈತೇನು’ ಅಂತಾರ” ಅಂದರು.

ಸ್ವಾಮಿಗಳು ತಬ್ಬಿಬ್ಬಾದರು. “ಖರೇನೋ ಸುಳ್ಳೋ ಕೇಳೋಣು ಅಂತ ಕಳಿಸಿದ್ದೆರಿ.”

“ಎಷ್ಟು ಮಂದಿಗೆ?”

“ಎಲ್ಲಾರಿಗೂ.”

ಮುಗಿಯದ ಮಾತು

“ಹಬ್ಸಿದಾಂವ ನಾನು, ಅಳಸಾಂವನೂ ನಾನ” ಎಂದು ಸ್ವಾಮಿಗಳು ಸೋಮವಾರ ಬೆಳಿಗ್ಗೆ ಗುಡಿಯ ಮೈಕು ಹಿಡಿದರು. ಮೊದಲು ಸುದ್ದಿ ಓದಿ, ಆಮೇಲೆ ಅದು ಸುಳ್ಳೆಂದು ಹೇಳುವ ಯೋಚನೆ. ದಿನಾ ಮಂತ್ರ ಹೇಳಿ ಪಳಗಿದ ಗಂಟಲು. “ದಾಡಿ ಬಿಟ್ಟ ಚಾದರದವರು ಮಕ್ಕಳ ಕಳ್ಳರು!” ಅಂತ ಊರೇ ನಡುಗುವ ಹಾಗೆ ಓದಿದರು. ಉಸಿರೆಳೆದುಕೊಂಡರು. ಕರೆಂಟ್ ಹೋಯಿತು.

ತಾಯಂದಿರು ಮಕ್ಕಳನ್ನು ಒಳಗೆಳೆದುಕೊಂಡು ಅಗಳಿ ಹಾಕಿದರು. ಮೌಲ್ವಿ ಸಾಬರೂ ಪಾಸ್ಟರೂ ಒಂದೇ ಬೈಕಿನಲ್ಲಿ ಓಣಿ ಓಣಿ ಸುತ್ತಿ ಕೂಗಿದರು: “ಸ್ವಾಮಿಗಳ ಮಾತು ಇನ್ನಾ ಮುಗಿದಿಲ್ರೀ!”

ಮರು ಸೋಮವಾರ

“ಮೊದಲು ‘ಸುಳ್ಳು’ ಅನ್ರಿ, ಉಳಿದಿದ್ದು ಆಮೇಲೆ” ಎಂದು ಗಟ್ಟಿ ಮಾಡಿಸಿದೆ. ಭಾಯಿಯನ್ನೂ ಕರೆಸಿದ್ದರು. ಅವನು ಚಾದರದ ಗಂಟು ಅವುಚಿಕೊಂಡು ಗುಡಿಕಟ್ಟೆಯ ಮೇಲೆ ಕೂತಿದ್ದ.

“ಸುಳ್ಳು! ಪೂರಾ ಸುಳ್ಳು! ಯಾರೂ ನಂಬಬ್ಯಾಡ್ರಿ!” ಸ್ವಾಮಿಗಳು ಗುಡುಗಿದರು. ಮತ್ತೆ ಕರೆಂಟ್ ಹೋಯಿತು.

ಯಾವುದು ಸುಳ್ಳು? ತಿಳಿಯದೆ ಊರು ಹೇಗೆ ಸುಮ್ಮನಿದ್ದೀತು! ಹಿಟ್ಟಿನ ಕೈಯಲ್ಲೇ ಹೆಂಗಸರು, ಕುರಿ ಬಿಟ್ಟು ಗಂಡಸರು ಗುಡಿಗೆ ಓಡಿ ಬಂದರು. ಸ್ವಾಮಿಗಳು ಭಾಯಿಯ ಹೆಗಲ ಮೇಲೆ ಕೈಯಿಟ್ಟು ಎಲ್ಲವನ್ನೂ ಬಾಯಲ್ಲೇ ಹೇಳಿದರು. “ತಪ್ಪು ನಂದು ಭಾಯ್, ಮನಸಿನಾಗ ಇಟ್ಕೋಬ್ಯಾಡ” ಅಂದರು.

ಹೇಗೂ ಬಂದಾಗಿತ್ತು, ಒಬ್ಬಾಕೆ ಗಂಟು ಬಿಚ್ಚಿಸಿ ಬಣ್ಣ ನೋಡಿದಳು. ಆಕೆ ಕೊಂಡದ್ದನ್ನು ಇನ್ನೊಬ್ಬಾಕೆ ನೋಡಿದಳು. ಮಧ್ಯಾಹ್ನದೊಳಗೆ ಗಂಟು ಖಾಲಿ.

ಭಾಯಿ ಬರೀ ಹಗ್ಗವನ್ನು ಮೊಪೆಡ್ಡಿಗೆ ಸುತ್ತಿಕೊಂಡು ಸ್ವಾಮಿಗಳಿಗೆ ಕೈಮುಗಿದ.

“ಸ್ವಾಮಿ, ಮುಂದಿನ ಸೋಮಾರ ಟವಲ್ ತರ್ತೀನ್ರಿ. ಇನ್ನೊಂದು ಸುಳ್ಳು ನೋಡಿ ಇಟ್ಟಿರ್ರಿ.”